ಮಲ್ಪೆ ರಸ್ತೆಯ ಬೋರ್ಡಿಲ್ಲದ ಗ್ಯಾರೇಜು: ನನ್ನ ಕಾರಿನ ಟರ್ಬೋ ಗಾಳಿ ಎಲ್ಲಿ ಹೋಗುತ್ತಿತ್ತು ಎಂದು ಹುಡುಕಿಕೊಟ್ಟವರು

ಆದಿ ಉಡುಪಿ ದಾಟಿ ಮಲ್ಪೆ ಕಡೆ ಹೋಗುವಾಗ ಒಂದು ಒಳರಸ್ತೆಯಲ್ಲಿ ಶೀಟಿನ ಮಾಡು ಹಾಕಿದ ಗ್ಯಾರೇಜು ಇದೆ. ಬೋರ್ಡಿಲ್ಲ. ಎದುರಿಗೆ ಎರಡು ತೆಂಗಿನ ಮರ, ಪಕ್ಕದಲ್ಲಿ ಬಿಚ್ಚಿಟ್ಟ ಬೋಟ್ ಇಂಜಿನ್. ನಡೆಸುವವರಿಗೆ ಅರವತ್ತರ ಹತ್ತಿರ ಪ್ರಾಯ. ಹೆಸರು, ನಂಬರ್ ಹಾಕುವುದು ಬೇಡ ಎಂದು ಅವರೇ ಹೇಳಿದ್ದಾರೆ, ಈಗಲೇ ಕೆಲಸ ಜಾಸ್ತಿ ಆಗಿದೆಯಂತೆ. ಹಾಗಾಗಿ ಇಲ್ಲಿ ಅವರನ್ನು ಅಣ್ಣ ಎಂದೇ ಕರೆಯುತ್ತೇನೆ. ನಾನು ಅಲ್ಲಿ ಕರೆದದ್ದೂ ಹಾಗೆಯೇ.

ನಾನು ಬ್ರಹ್ಮಾವರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ತವರು ತೀರ್ಥಹಳ್ಳಿ ಕಡೆ. ಅಲ್ಲಿ ಅಮ್ಮ ಒಬ್ಬರೇ ಇದ್ದಾರೆ. ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಹತ್ತಲೇಬೇಕು. ಕಾರು 2014ರದ್ದು, 1.3 ಲೀಟರಿನ ಡೀಸೆಲ್, 1 ಲಕ್ಷ 32 ಸಾವಿರ ಕಿಲೋಮೀಟರ್ ಓಡಿದೆ. ಹನ್ನೊಂದು ವರ್ಷದಲ್ಲಿ ಒಂದು ಸಲವೂ ದಾರಿಯಲ್ಲಿ ಕೈ ಕೊಟ್ಟಿರಲಿಲ್ಲ.

ದೀಪಾವಳಿಗೆ ಎರಡು ದಿನ ಮೊದಲು ಹೊರಟಿದ್ದೆವು. ಹಿಂದಿನ ಸೀಟಿನಲ್ಲಿ ಮಗಳು, ಡಿಕ್ಕಿಯಲ್ಲಿ ಅಮ್ಮನಿಗೆ ಅಂತ ಒಂದು ಗೋಣಿ ತೆಂಗಿನಕಾಯಿ. ಹೆಬ್ರಿ, ಸೋಮೇಶ್ವರದವರೆಗೆ ಏನೂ ಗೊತ್ತಾಗಲಿಲ್ಲ. ಘಾಟಿಯ ಮೂರನೇ ತಿರುವು ದಾಟಿ ಆಕ್ಸಿಲರೇಟರ್ ಒತ್ತಿದರೆ ಕಾರು ಏಳಲೇ ಇಲ್ಲ. ಕಾಲು ನೆಲಕ್ಕೆ ಮುಟ್ಟಿದೆ, ಇಂಜಿನ್ ಮಾತ್ರ ನಿದ್ದೆಯಲ್ಲಿದ್ದ ಹಾಗೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ದೀಪ ಹತ್ತಿತು. ಹಿಂದೆ ಮಿನಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮೊದಲನೇ ಗೇರಿನಲ್ಲೇ ಉಳಿದ ತಿರುವುಗಳನ್ನು ಹತ್ತಿದೆ. ಅಲ್ಲಿರುವುದು ಹದಿನಾಲ್ಕು ತಿರುವು. ಅವತ್ತು ಒಂದೊಂದನ್ನೂ ಎಣಿಸಿದ್ದೇನೆ. ಮೇಲೆ ಹೋಗಿ ಇಂಜಿನ್ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿಯಾಗಿ ಎಳೆಯಿತು. ಆಮೇಲೆ ಪುನಃ ಅದೇ ಕಥೆ.

ವಾಪಸ್ ಬಂದು ಕಾರನ್ನು ಒಂದು ದೊಡ್ಡ ಸರ್ವಿಸ್ ಸೆಂಟರಿಗೆ ಬಿಟ್ಟೆ. ಹೆಸರು ಬೇಡ. ಅವರು ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರು, ಪಿ0299 ಎಂಬ ಕೋಡ್ ಬಂತು. ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೋ ಕೊಡಬೇಕಾದಷ್ಟು ಒತ್ತಡ ಕೊಡುತ್ತಿಲ್ಲ ಎಂದು ಅದರ ಅರ್ಥ. ಏರ್ ಫಿಲ್ಟರ್ ಬದಲಾಯಿಸಿದರು. ಗಾಳಿ ಪೈಪಿನ ಒಳಗೆ ಆಯಿಲ್ ಇದೆ, ಟರ್ಬೋದ ಸೀಲ್ ಹೋಗಿದೆ, ಇಡೀ ಟರ್ಬೋ ಹೊಸದು ಹಾಕಬೇಕು ಅಂದರು. ಎಸ್ಟಿಮೇಟ್ 54 ಸಾವಿರ ರೂಪಾಯಿ. ಒತ್ತಡ ಎಷ್ಟು ಬರಬೇಕಿತ್ತು, ಎಷ್ಟು ಬರುತ್ತಿದೆ ಎಂದು ಕೇಳಿದೆ. ಕೌಂಟರಿನಲ್ಲಿ ಕೂತ ಹುಡುಗನ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ನಾನು ಮಕ್ಕಳಿಗೆ ಒತ್ತಡದ ಪಾಠ ಮಾಡುವವಳು. ಒಂದು ಸಂಖ್ಯೆಯೂ ಇಲ್ಲದೆ 54 ಸಾವಿರ ಕೊಡಲು ಮನಸ್ಸು ಬರಲಿಲ್ಲ. ಕಾರು ತೆಗೆದುಕೊಂಡು ಬಂದೆ.

ಈ ಗ್ಯಾರೇಜಿನ ಬಗ್ಗೆ ಹೇಳಿದ್ದು ನಮ್ಮ ಶಾಲೆಯ ವ್ಯಾನ್ ಡ್ರೈವರ್. "ಅವರು ಮೊದಲು ಬೋಟಿನ ಇಂಜಿನ್ ಮಾಡ್ತಾ ಇದ್ದವರು ಟೀಚರ್ರೆ. ಟರ್ಬೋ ಅಂದ್ರೆ ಅವರಿಗೆ ಮನೆಯ ಹಂಚು ಇದ್ದ ಹಾಗೆ, ಒಂದೊಂದೂ ಗೊತ್ತುಂಟು" ಅಂದರು.

ಭಾನುವಾರ ಬೆಳಿಗ್ಗೆ ಏಳಕ್ಕೆ ಹೋದೆ. ಅಣ್ಣ ಆಗಲೇ ಕೆಲಸಕ್ಕೆ ಇಳಿದಿದ್ದರು. ಬಾನೆಟ್ ತೆರೆಯುವ ಮೊದಲು ಕೂತು ಕೇಳಿದರು. ಆಯಿಲ್ ಕಡಿಮೆ ಆಗ್ತಾ ಉಂಟಾ? ಸ್ಟಾರ್ಟ್ ಮಾಡುವಾಗ ನೀಲಿ ಹೊಗೆಯಾ, ಎತ್ತರ ಹತ್ತುವಾಗ ಕಪ್ಪು ಹೊಗೆಯಾ? ಶಬ್ದ ಎಂತದ್ದಾದ್ರೂ ಉಂಟಾ, ಸೈರನ್ ಹಾಗೆ ಕೂಗ್ತದಾ, ಅಥವಾ ಸುಮ್ನೆ ಗಾಳಿ ಹೋದ ಹಾಗೆ ಸ್ಸ್ ಅಂತದಾ? ಕಾರು ಎಲ್ಲಿ ನಿಲ್ಲಿಸ್ತೀರಿ? ಕೊನೆಯ ಪ್ರಶ್ನೆ ಯಾಕೆ ಎಂದು ನನಗೆ ಆಗ ಗೊತ್ತಾಗಲಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಇಳಿದಿಲ್ಲ, ನೀಲಿ ಹೊಗೆ ಇಲ್ಲ, ಕಪ್ಪು ಹೊಗೆ ಇದೆ, ಮನೆ ಹಿಂದೆ ಕಟ್ಟಿಗೆ ಕೊಟ್ಟಿಗೆಯಲ್ಲಿ ನಿಲ್ಲಿಸುತ್ತೇನೆ ಎಂದೆ.

"ಹಾಗಾದ್ರೆ ಟರ್ಬೋ ಸತ್ತಿದೆ ಅಂತ ಈಗಲೇ ಹೇಳ್ಲಿಕ್ಕೆ ಆಗುದಿಲ್ಲ. ನೋಡುವ" ಅಂದರು.

ಮೊದಲು ಸ್ಕ್ಯಾನರ್ ಸಿಕ್ಕಿಸಿದರು. ಇಂಜಿನ್ ಸ್ಟಾರ್ಟ್ ಮಾಡಲಿಲ್ಲ, ಕೀ ಮಾತ್ರ ಆನ್. ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ 100 ಕಿಲೋಪಾಸ್ಕಲ್ ತೋರಿಸಿತು. ಹೊರಗಿನ ವಾತಾವರಣದ ಒತ್ತಡವೂ 100. "ಎರಡೂ ಸಮ ಉಂಟಲ್ಲ, ಸೆನ್ಸರ್ ಸುಳ್ಳು ಹೇಳ್ತಾ ಇಲ್ಲ" ಅಂದರು. ಎಷ್ಟು ಸರಳ ಪರೀಕ್ಷೆ ನೋಡಿ. ಸಮುದ್ರದ ಬದಿಯ ನಮ್ಮೂರಿನಲ್ಲಿ ಗಾಳಿಯ ಒತ್ತಡ 100, 101ರ ಹತ್ತಿರ ಇರಲೇಬೇಕು. ಇಂಜಿನ್ ಓಡದಿರುವಾಗ ಒಳಗೂ ಅದೇ ಗಾಳಿ, ಹೊರಗೂ ಅದೇ ಗಾಳಿ. ಅಲ್ಲಿ 80 ಅಥವಾ 120 ತೋರಿಸಿದ್ದರೆ ಟರ್ಬೋ ಕಡೆ ನೋಡುವ ಮೊದಲು ಸೆನ್ಸರನ್ನು ನೋಡಬೇಕಿತ್ತು.

ಇಲ್ಲಿ ಒಂದು ಮಾತು. ಈ ಸೆನ್ಸರ್ ತೋರಿಸುವುದು ಒಟ್ಟು ಒತ್ತಡ. ಅದರಲ್ಲಿ ವಾತಾವರಣದ 100ನ್ನು ಕಳೆದರೆ ಉಳಿಯುವುದು ಟರ್ಬೋ ಹೆಚ್ಚಿಗೆ ತುಂಬಿದ್ದು, ಅದನ್ನೇ ಬೂಸ್ಟ್ ಅನ್ನುವುದು. 100 ಕಿಲೋಪಾಸ್ಕಲ್ ಎಂದರೆ 1 ಬಾರ್. 220 ಬಂದರೆ ಬೂಸ್ಟ್ 120, ಅಂದರೆ 1.2 ಬಾರ್. ತುಂಬಾ ಜನ ಇದನ್ನು ತಪ್ಪು ತಿಳಿದು, 138 ತೋರಿಸಿದರೆ "1.38 ಬಾರ್ ಬರ್ತಾ ಉಂಟಲ್ಲ" ಅಂದುಕೊಳ್ಳುತ್ತಾರೆ. ಬರುವುದು 0.38 ಬಾರ್ ಮಾತ್ರ. ಪೆಟ್ರೋಲ್ ಟರ್ಬೋ ಕಾರು ಇರುವವರು ಇನ್ನೊಂದು ವಿಷಯ ಗಮನಿಸಬೇಕು. ಪೆಟ್ರೋಲಿನಲ್ಲಿ ಐಡಲ್ ಆಗುವಾಗ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಗಾಳಿಯ ದಾರಿಯ ಥ್ರಾಟಲ್ ಮುಚ್ಚಿರುವುದರಿಂದ ಈ ಸಂಖ್ಯೆ 30, 40ಕ್ಕೆ ಇಳಿಯುತ್ತದೆ, ಅದು ದೋಷವಲ್ಲ. ನನ್ನ ಡೀಸೆಲ್ಲಿನಲ್ಲಿ ಐಡಲ್‌ನಲ್ಲೂ 100ರ ಹತ್ತಿರವೇ ಇತ್ತು.

ಆಮೇಲೆ ಕಾರು ಓಡಿಸಿ ನೋಡಲು ಹೋದೆವು. ಅಣ್ಣ ಡ್ರೈವಿಂಗ್, ನನ್ನ ಕೈಯಲ್ಲಿ ಸ್ಕ್ಯಾನರ್. ಕಲ್ಸಂಕ, ಕುಂಜಿಬೆಟ್ಟು, ಇಂದ್ರಾಳಿ ದಾಟಿದ ಮೇಲೆ ಮಣಿಪಾಲದ ಏರು ಸಿಗುತ್ತದಲ್ಲ, ಅಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟರು. ಭಾನುವಾರ ಬೆಳಿಗ್ಗೆ ಆದ್ದರಿಂದ ರಸ್ತೆ ಖಾಲಿ ಇತ್ತು. ಸ್ಕ್ಯಾನರಿನಲ್ಲಿ ಎರಡು ಸಂಖ್ಯೆ ಪಕ್ಕಪಕ್ಕ. ಒಂದು ಕಂಪ್ಯೂಟರ್ ಕೇಳುವ ಒತ್ತಡ, ಇನ್ನೊಂದು ಸಿಗುವ ಒತ್ತಡ. ನಾನು ಗಟ್ಟಿಯಾಗಿ ಓದುತ್ತಾ ಹೋದೆ. ಕೇಳುವುದು 218. ಸಿಗುವುದು 138. ಮತ್ತೆ ಒತ್ತಿದರು. 218, 136. ಸರ್ವಿಸ್ ಸೆಂಟರಿನಲ್ಲಿ ನಾನು ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ. ಅದು ಸಿಗಲು ಹದಿನೈದು ನಿಮಿಷ ಸಾಕಾಯಿತು.

ವಾಪಸ್ ಬರುವಾಗ ಒಂದು ಉದ್ದದ ಕಾಂಪೌಂಡ್ ಗೋಡೆಯ ಪಕ್ಕ ಕಿಟಕಿ ಇಳಿಸಿ, ಎಸಿ, ರೇಡಿಯೋ ಎಲ್ಲ ಬಂದ್ ಮಾಡಿ ಪುನಃ ಆಕ್ಸಿಲರೇಟರ್ ಕೊಟ್ಟರು. ಗೋಡೆಗೆ ಬಡಿದು ಶಬ್ದ ವಾಪಸ್ ಬರುತ್ತದೆ. ಕಿವಿ ಕೊಟ್ಟರೆ ಒಂದು ಸಣ್ಣ ಸ್ಸ್... ಕೇಳಿಸಿತು. ಟೈರಿಗೆ ಗಾಳಿ ಹಾಕಿ ಪೈಪ್ ತೆಗೆಯುವಾಗ ಬರುತ್ತದಲ್ಲ, ಅಂಥದ್ದು. ಇಷ್ಟು ದಿನ ನಾನು ಎಸಿ ಹಾಕಿಕೊಂಡು ಓಡಾಡಿದ್ದರಿಂದ ಇದು ನನ್ನ ಕಿವಿಗೇ ಬಿದ್ದಿರಲಿಲ್ಲ.

ಗ್ಯಾರೇಜಿಗೆ ಬಂದು ಇಂಜಿನ್ ಆರುವವರೆಗೆ ಕಾದರು. ಆ ಹೊತ್ತಿನಲ್ಲಿ ಟರ್ಬೋ ಬಗ್ಗೆ ಅವರು ಹೇಳಿದ್ದು ನನಗೆ ಪಾಠದಂತೆ ಇತ್ತು. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆ ಒಂದು ಚಕ್ರ ತಿರುಗಿಸುತ್ತದೆ. ಅದೇ ಕಂಬಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು ಇಂಜಿನ್ನಿಗೆ ತುಂಬುತ್ತದೆ. ಈ ಕಂಬಿ ನಿಮಿಷಕ್ಕೆ ಒಂದು ಲಕ್ಷಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಅದನ್ನು ಹಿಡಿದಿಡುವುದು ಬರೀ ಆಯಿಲಿನ ತೆಳುವಾದ ಪದರ. ಒತ್ತಿದ ಗಾಳಿ ಬಿಸಿಯಾಗುತ್ತದೆ. ಅದನ್ನು ಮುಂದೆ ಇರುವ ಇಂಟರ್‌ಕೂಲರ್ ತಣ್ಣಗೆ ಮಾಡಿ ಇಂಜಿನ್ನಿಗೆ ಕಳಿಸುತ್ತದೆ. ಇವೆಲ್ಲವನ್ನೂ ರಬ್ಬರ್ ಹೋಸ್‌ಗಳು ಜೋಡಿಸುತ್ತವೆ.

ನನ್ನ ಕಾರಿನ ಟರ್ಬೋದಲ್ಲಿ ಚಕ್ರದ ಸುತ್ತ ಸಣ್ಣ ರೆಕ್ಕೆಗಳಿವೆ. ಅವು ತೆರೆಯುತ್ತವೆ, ಮುಚ್ಚುತ್ತವೆ. "ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆರಳು ಇಡ್ತೀರಲ್ಲ, ನೀರು ದೂರ ಹಾರ್ತದಲ್ಲ, ಅಷ್ಟೇ ವಿಷಯ" ಅಂದರು. ಇಂಜಿನ್ ನಿಧಾನ ಇರುವಾಗ ಹೊಗೆ ಕಡಿಮೆ. ರೆಕ್ಕೆ ಮುಚ್ಚಿ ದಾರಿ ಸಣ್ಣ ಮಾಡಿದರೆ ಅಷ್ಟೇ ಹೊಗೆ ಜೋರಾಗಿ ನುಗ್ಗಿ ಚಕ್ರ ತಿರುಗಿಸುತ್ತದೆ. ಬೋಟಿನ ಇಂಜಿನ್ನಿನಲ್ಲಿ ಇಂಥ ರೆಕ್ಕೆ ಅವರು ಕಂಡದ್ದಿಲ್ಲವಂತೆ. ಅದು ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುವುದರಿಂದ ಬೇಕಾಗುವುದೂ ಇಲ್ಲವಂತೆ. ಕಾರು ಹಾಗಲ್ಲ. ಸಂತೆಕಟ್ಟೆಯಲ್ಲಿ ನಿಂತು, ಹೈವೇಯಲ್ಲಿ ಓಡಿ, ಘಾಟಿಯಲ್ಲಿ ಏದುಸಿರು ಬಿಡಬೇಕು.

ಈ ರೆಕ್ಕೆಗಳನ್ನು ಎಳೆಯುವುದು ವ್ಯಾಕ್ಯೂಮ್, ಅಂದರೆ ಗಾಳಿ ಖಾಲಿ ಮಾಡಿದಾಗ ಬರುವ ಸೆಳೆತ. ಇಂಜಿನ್ನಿನ ವ್ಯಾಕ್ಯೂಮ್ ಪಂಪಿನಿಂದ ಒಂದು ಸಣ್ಣ ಪೈಪ್ ಕರೆಂಟಿನಲ್ಲಿ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವಿಗೆ ಬರುತ್ತದೆ, ಅಲ್ಲಿಂದ ಇನ್ನೊಂದು ಪೈಪ್ ಟರ್ಬೋ ಮೇಲಿರುವ ಆಕ್ಚುವೇಟರ್ ಡಬ್ಬಿಗೆ. ವ್ಯಾಕ್ಯೂಮ್ ಎಳೆದರೆ ಡಬ್ಬಿಯ ಕಂಬಿ ಸರಿದು ರೆಕ್ಕೆ ಮುಚ್ಚುತ್ತದೆ. ವ್ಯಾಕ್ಯೂಮ್ ಇಲ್ಲದಿದ್ದರೆ ರೆಕ್ಕೆ ತೆರೆದೇ ಇರುತ್ತದೆ, ಬೂಸ್ಟ್ ಬರುವುದಿಲ್ಲ. ನೀವೂ ನೋಡಬಹುದು. ಒಬ್ಬರು ಇಂಜಿನ್ ಸ್ಟಾರ್ಟ್ ಮಾಡಿದಾಗ ಆ ಕಂಬಿ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ಬಿಡಬೇಕು. ನನ್ನ ಕಾರಿನಲ್ಲಿ ಅದು ಅರ್ಧ ಬೆರಳಿನಷ್ಟು ಸರಿಯಬೇಕಾದಲ್ಲಿ ಸ್ವಲ್ಪ ಅಲುಗಿ ನಿಂತಿತು.

ಅಣ್ಣ ಕೈಯಲ್ಲಿ ಒತ್ತುವ ಒಂದು ವ್ಯಾಕ್ಯೂಮ್ ಪಂಪ್ ತಂದರು, ಮೇಲೆ ಗೇಜ್ ಇರುವಂಥದ್ದು. ಆ ಗೇಜಿಗೆ ಇಂಜಿನ್ನಿನ ಪಂಪಿನ ಪೈಪ್ ಸಿಕ್ಕಿಸಿ ಸ್ಟಾರ್ಟ್ ಮಾಡಿದರು. ಮುಳ್ಳು 26 ಇಂಚಿಗೆ ಬಂತು. ಪಾದರಸದ ಲೆಕ್ಕ ಇದು. ಪೂರ್ತಿ ಖಾಲಿ ಮಾಡಿದರೂ 30ರ ಮೇಲೆ ಹೋಗದು, ಹಾಗಾಗಿ 26 ಒಳ್ಳೆಯದೇ. ಪಂಪ್ ಸರಿ ಉಂಟು. ಆಮೇಲೆ ಆಕ್ಚುವೇಟರ್ ಡಬ್ಬಿಗೆ ನೇರ ಸಿಕ್ಕಿಸಿ ಕೈಯಲ್ಲಿ ಒತ್ತಿದರು. ಕಂಬಿ ಸರಾಗವಾಗಿ ಪೂರ್ತಿ ಎಳೆದುಕೊಂಡಿತು. ಒಂದು ನಿಮಿಷ ಕಾದೆವು, ಮುಳ್ಳು ಅಲುಗಲಿಲ್ಲ. ಡಬ್ಬಿಯ ಒಳಗಿನ ಪದರ ಹರಿದಿಲ್ಲ, ಮಸಿ ಹಿಡಿದು ರೆಕ್ಕೆ ಕಚ್ಚಿಕೊಂಡೂ ಇಲ್ಲ. ಇನ್ನು ಉಳಿದದ್ದು ಸೊಲೆನಾಯ್ಡಿನಿಂದ ಡಬ್ಬಿಗೆ ಬರುವ ಪೈಪ್. ಅದರ ಒಂದು ತುದಿ ಮುಚ್ಚಿ ಇನ್ನೊಂದಕ್ಕೆ ಪಂಪ್ ಸಿಕ್ಕಿಸಿದರು. ಒತ್ತಿದಷ್ಟೂ ಮುಳ್ಳು ಕೆಳಗೆ ಬೀಳುತ್ತಿತ್ತು.

ಪೈಪನ್ನು ಹೊರಗೆ ಎಳೆದು ಬೆಳಕಿಗೆ ಹಿಡಿದರು. ಇಂಜಿನ್ನಿನ ಹಿಂದೆ, ಕಣ್ಣಿಗೆ ಕಾಣದ ಜಾಗದಲ್ಲಿ ಎರಡು ಹಲ್ಲಿನ ಗುರುತು. ಒಂದು ಪೂರ್ತಿ ತೂತಾಗಿತ್ತು, ಇನ್ನೊಂದು ಅರ್ಧ.

"ಇಲಿ ಟೀಚರ್ರೆ. ಕಟ್ಟಿಗೆ ಕೊಟ್ಟಿಗೆ ಅಂದ್ರಲ್ಲ, ಆಗಲೇ ನನಗೆ ಡೌಟ್ ಬಂತು. ಮಳೆಗಾಲದಲ್ಲಿ ಬೆಚ್ಚಗೆ ಅಂತ ಇಂಜಿನ್ ಒಳಗೆ ಬರ್ತಾವೆ."

ಮೂರು ಅಡಿ ಹೊಸ ವ್ಯಾಕ್ಯೂಮ್ ಪೈಪ್ ಹಾಕಿದರು. ಮತ್ತೆ ಮಣಿಪಾಲದ ಏರು. ಈ ಸಲ ಕಾರು ಎಳೆಯುವುದು ಸೀಟಿನಲ್ಲೇ ಗೊತ್ತಾಯಿತು. ನಾನು ಖುಷಿಯಲ್ಲಿ 178 ಎಂದು ಓದಿದೆ. ನನ್ನ ಲೆಕ್ಕದಲ್ಲಿ ಕೆಲಸ ಮುಗಿದಿತ್ತು. ಅಣ್ಣನ ಮುಖ ಸಡಿಲಾಗಲಿಲ್ಲ. "ಕೇಳುದು ಎಷ್ಟು?" ಅಂದರು. 218. "ಹಾಗಾದ್ರೆ ಇನ್ನೂ ನಲವತ್ತು ಎಲ್ಲಿಯೋ ಹೋಗ್ತಾ ಉಂಟು." ಇದೇ ಕಾರಣಕ್ಕೆ ನಾನು ಇಷ್ಟು ಉದ್ದ ಬರೆಯುತ್ತಿರುವುದು. ದುಡ್ಡು ತೆಗೆದುಕೊಂಡು ಕೀ ಕೊಟ್ಟಿದ್ದರೆ ನಾನು ಸಂತೋಷದಿಂದ ಹೋಗುತ್ತಿದ್ದೆ. ಘಾಟಿಯಲ್ಲಿ ಪುನಃ ಹಳದಿ ದೀಪ ಹತ್ತುತ್ತಿತ್ತು.

ಎರಡನೇ ಹುಡುಕಾಟಕ್ಕೆ ಅವರು ತಂದದ್ದು ಅವರೇ ಮಾಡಿಕೊಂಡ ಒಂದು ಸಾಮಾನು. ನೀರಿನ ಪಿವಿಸಿ ಪೈಪಿಗೆ ಹಾಕುವ ದಪ್ಪ ಮುಚ್ಚಳ. ಅದರ ನಡುವೆ ತೂತು ಕೊರೆದು ಟೈರಿನ ವಾಲ್ವ್ ಕೂರಿಸಿದ್ದಾರೆ. ಏರ್ ಫಿಲ್ಟರಿನಿಂದ ಟರ್ಬೋಗೆ ಬರುವ ಹೋಸ್ ಬಿಚ್ಚಿ, ಆ ಬಾಯಿಗೆ ಈ ಮುಚ್ಚಳ ಹಾಕಿ ಕ್ಲಿಪ್ ಬಿಗಿ ಮಾಡಿದರು. ಹೋಸ್ ಬಿಚ್ಚಿದಾಗ ಒಳಗೆ ಆಯಿಲ್ ಪಸೆ ಇತ್ತು. ಸರ್ವಿಸ್ ಸೆಂಟರಿನವರು ಹೇಳಿದ್ದು ಇದನ್ನೇ ಅಲ್ವಾ ಎಂದು ಕೇಳಿದೆ. ಇಂಜಿನ್ನಿನ ಆಯಿಲ್ ಆವಿ ಬ್ರೀದರ್ ಪೈಪಿನಿಂದ ಇದೇ ಹೋಸಿಗೆ ಬರುತ್ತದೆ, ಇಷ್ಟು ಪಸೆ ಇದ್ದೇ ಇರುತ್ತದೆ ಎಂದರು. ಸೀಲ್ ಹೋಗಿದ್ದರೆ ಡಿಪ್‌ಸ್ಟಿಕ್ಕಿನಲ್ಲಿ ಗೊತ್ತಾಗುತ್ತದೆ, ನೀಲಿ ಹೊಗೆಯಲ್ಲಿ ಗೊತ್ತಾಗುತ್ತದೆ. ಮುಚ್ಚಳ ಹಾಕುವ ಮೊದಲೇ ಟರ್ಬೋ ಬಾಯಿಯೊಳಗೆ ನನ್ನದೇ ಬೆರಳು ಇಡಿಸಿದ್ದರು. ಚಕ್ರದ ನಡುವಿನ ನಟ್ ಹಿಡಿದು ಅಲುಗಿಸಿ ಅಂದರು. ಅಡ್ಡಕ್ಕೆ ಕೂದಲೆಳೆಯಷ್ಟು ಆಡುತ್ತದೆ, ಅದು ಆಯಿಲ್ ಪದರಕ್ಕೆ ಬಿಟ್ಟ ಜಾಗ. ಮುಂದೆ ಹಿಂದೆ ಎಳೆದರೆ ಆಡಬಾರದು. ಆಡಲಿಲ್ಲ. ಚಕ್ರದ ಅಂಚು ಗೋಡೆಗೆ ತಾಗಿದ ಗುರುತೂ ಇರಲಿಲ್ಲ. 54 ಸಾವಿರದ ಟರ್ಬೋ ನನ್ನ ಬೆರಳಿನ ತುದಿಯಲ್ಲಿ ಬುಗುರಿಯ ಹಾಗೆ ತಿರುಗುತ್ತಿತ್ತು.

ಟೈರಿಗೆ ಗಾಳಿ ಹಾಕುವ ಕಂಪ್ರೆಸರಿನಿಂದ ಆ ಮುಚ್ಚಳದ ಮೂಲಕ 12, 13 ಪಿಎಸ್‌ಐ ಗಾಳಿ ತುಂಬಿದರು. ಇದಕ್ಕಿಂತ ಜಾಸ್ತಿ ಹಾಕಬಾರದು, ಒಳಗಿನ ಸೀಲುಗಳಿಗೆ ಒಳ್ಳೆಯದಲ್ಲ ಎಂದು ಹೆಲ್ಪರ್ ಹುಡುಗನಿಗೆ ಎರಡು ಸಲ ಹೇಳಿದರು. ಬಾಟಲಿಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೀರು. ಒಂದೊಂದೇ ಜೋಡಣೆಗೆ ಚಿಮುಕಿಸುತ್ತಾ ಬಂದರು. ಮೇಲಿನ ಹೋಸ್, ಇಂಟರ್‌ಕೂಲರಿನ ಎರಡು ಮೂಲೆ, ಮ್ಯಾಪ್ ಸೆನ್ಸರಿನ ಬುಡ. ಏನೂ ಇಲ್ಲ. ಆಮೇಲೆ ಕಾರಿನ ಕೆಳಗೆ ಮಲಗಿ ಟಾರ್ಚ್ ಹಿಡಿದರು. ಬಂಪರಿನ ಹಿಂದೆ ಇಂಟರ್‌ಕೂಲರಿನ ಕೆಳಗಿನ ಹೋಸ್. ಅದರ ಒಂದು ಬದಿಗೆ ಮಾತ್ರ ಕೆಂಪು ಮಣ್ಣು ದಪ್ಪಕ್ಕೆ ಅಂಟಿತ್ತು. ಬೇರೆ ಕಡೆ ಒಣ ಧೂಳು, ಇಲ್ಲಿ ಮಾತ್ರ ಎಣ್ಣೆ ಕಲಸಿದ ಹಾಗೆ. ಬಟ್ಟೆಯಲ್ಲಿ ಒರೆಸಿ ಸೋಪಿನ ನೀರು ಹಾಕಿದರು.

ನನ್ನನ್ನೂ ಕರೆದರು. ಗೋಣಿ ಹಾಸಿ ಕೊಟ್ಟರು, ನಾನೂ ಬಗ್ಗಿ ನೋಡಿದೆ. ಕ್ಲಿಪ್ಪಿನ ಅಂಚಿನಲ್ಲಿ ಮೊದಲು ಸಾಸಿವೆಯಷ್ಟು ಗುಳ್ಳೆ ಎದ್ದಿತು. ಅದರ ಪಕ್ಕ ಇನ್ನೊಂದು. ನೋಡುತ್ತಿದ್ದ ಹಾಗೆ ಎರಡು ಇಂಚು ಉದ್ದಕ್ಕೆ ಬಿಳಿ ನೊರೆ ಉಕ್ಕಿ ಬಂತು, ಹಾಲು ಉಕ್ಕಿದ ಹಾಗೆ. ಗಾಳಿ ಬಂದ್ ಮಾಡಿದರೆ ನೊರೆ ನಿಂತಿತು, ಬಿರುಕು ಮುಚ್ಚಿಕೊಂಡಿತು. ಬೆರಳಿನಲ್ಲಿ ಸವರಿದರೆ ಬಿರುಕು ಇದೆ ಎಂದೇ ಗೊತ್ತಾಗುವುದಿಲ್ಲ. ಒತ್ತಡ ಬಂದಾಗ ಮಾತ್ರ ಬಾಯಿ ತೆರೆಯುತ್ತದೆ. ನಿಂತ ಕಾರಿನಲ್ಲಿ ಬಾನೆಟ್ ತೆರೆದು ನೋಡಿದವರಿಗೆ ಇದು ಹೇಗೆ ಸಿಗಬೇಕು? ಕಪ್ಪು ಹೊಗೆಗೂ ಇದೇ ಕಾರಣ. ಅಳೆದ ಗಾಳಿ ಇಂಜಿನ್ನಿಗೆ ಮುಟ್ಟುವ ಮೊದಲೇ ದಾರಿಯಲ್ಲಿ ಸೋರಿದರೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ.

ಆ ಹೋಸ್ ಅವರಲ್ಲಿ ಇರಲಿಲ್ಲ. ಮಂಗಳೂರಿನಿಂದ ತರಿಸಬೇಕಾಯಿತು, ಎರಡು ದಿನ ಹೋಯಿತು. ಹಳೆಯದಕ್ಕೆ ಟೇಪ್ ಸುತ್ತಿ ಸದ್ಯಕ್ಕೆ ಓಡಿಸಬಹುದಾ ಎಂದು ಕೇಳಿದ್ದೆ. ಬಿಸಿಗೆ, ಎಣ್ಣೆಗೆ ಟೇಪ್ ನಿಲ್ಲುವುದಿಲ್ಲ, ಘಾಟಿಗೆ ಹೋಗುವವರಿಗೆ ನಾನು ಅದನ್ನು ಮಾಡಿಕೊಡುವುದಿಲ್ಲ ಎಂದು ಖಡಾಖಂಡಿತ ಹೇಳಿದರು. ಬುಧವಾರ ಸಂಜೆ ಹೊಸ ಹೋಸ್, ಎರಡು ಹೊಸ ಕ್ಲಿಪ್ ಹಾಕಿ, ಪುನಃ ಗಾಳಿ ತುಂಬಿ ಸೋಪಿನ ನೀರು ಹಾಕಿ ನೋಡಿ, ಮೂರನೇ ಸಲ ಮಣಿಪಾಲದ ಏರು. ಕೇಳುವುದು 218, ಸಿಗುವುದು 216. ಕೋಡ್ ಅಳಿಸಿದ್ದು ಇದಾದ ಮೇಲೆಯೇ. ಮೊದಲೇ ಅಳಿಸಿದರೆ ರಿಪೇರಿ ಆಯಿತೋ ದೀಪ ಮಾತ್ರ ಆರಿತೋ ಗೊತ್ತಾಗುವುದಿಲ್ಲ ಅನ್ನುವುದು ಅವರ ಕ್ರಮ.

ಖರ್ಚು ಹೇಳುತ್ತೇನೆ. ವ್ಯಾಕ್ಯೂಮ್ ಪೈಪ್ 180 ರೂಪಾಯಿ. ಇಂಟರ್‌ಕೂಲರ್ ಹೋಸ್ 2,350. ಕ್ಲಿಪ್ ಎರಡಕ್ಕೆ 240. ಕೂಲಿ 1,800. ಒಟ್ಟು 4,570. ತೆಗೆದ ಹಳೆಯ ಸಾಮಾನು ಕೇಳದೆಯೇ ಒಂದು ಚೀಲದಲ್ಲಿ ಹಾಕಿ ಕೊಟ್ಟರು. ಆ ಹೋಸ್ ಈಗ ಶಾಲೆಯ ಲ್ಯಾಬಿನಲ್ಲಿದೆ. ಒತ್ತಡದ ಪಾಠದ ದಿನ ಸೈಕಲ್ ಪಂಪಿನಲ್ಲಿ ಗಾಳಿ ತುಂಬಿ, ಬಿರುಕು ಬಾಯಿ ತೆರೆಯುವುದನ್ನು ಮಕ್ಕಳಿಗೆ ತೋರಿಸಿದೆ.

ಕೊರತೆಗಳೂ ಇವೆ. ಕೂರಲು ಸರಿಯಾದ ಜಾಗ ಇಲ್ಲ, ಒಂದು ಪ್ಲಾಸ್ಟಿಕ್ ಸ್ಟೂಲ್, ಅಷ್ಟೇ. ಹೆಂಗಸರು ಗಂಟೆಗಟ್ಟಲೆ ಕಾಯುವುದಾದರೆ ಶೌಚಾಲಯ ಇಲ್ಲ ಎನ್ನುವುದು ದೊಡ್ಡ ತೊಂದರೆ. ಇದನ್ನು ನಾನು ಅವರಿಗೇ ಹೇಳಿ ಬಂದಿದ್ದೇನೆ. ಬಿಲ್ ಎಂದರೆ ಪುಸ್ತಕದ ಹಾಳೆಯಲ್ಲಿ ಕೈಬರಹ. ಇನ್ಶೂರೆನ್ಸಿಗೋ ಆಫೀಸಿಗೋ ಬಿಲ್ ಬೇಕಾದವರಿಗೆ ಆಗುವುದಿಲ್ಲ. ವಾರಂಟಿ ಇರುವ ಹೊಸ ಕಾರಿನವರು ಇಲ್ಲಿಗೆ ಹೋಗಬೇಡಿ, ವಾರಂಟಿ ಇರುವಲ್ಲಿಗೇ ಹೋಗಿ ಒತ್ತಡದ ಸಂಖ್ಯೆ ಕೇಳಿ. ಫೋನ್ ಮಾಡಿದರೆ ಎತ್ತುವುದು ಕಡಿಮೆ. ಇನ್ನೊಂದು ವಿಷಯ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಇರುತ್ತದಲ್ಲ. ಬೋಟಿನವರು ಇಂಜಿನ್ ಬಿಚ್ಚುವುದೇ ಆಗ. ಆ ಎರಡು ತಿಂಗಳು ಅವರು ಹೆಚ್ಚಾಗಿ ಬಂದರಿನಲ್ಲೇ ಇರುತ್ತಾರೆ, ಕಾರಿನ ಕೆಲಸಕ್ಕೆ ಸಿಗುವುದಿಲ್ಲ.

ಮನೆಯಲ್ಲಿ ನಾನು ಬದಲಾಯಿಸಿದ್ದು ಎರಡು. ಕಾರನ್ನು ಕಟ್ಟಿಗೆ ಕೊಟ್ಟಿಗೆಯಿಂದ ಅಂಗಳಕ್ಕೆ ತಂದೆ. ಘಾಟಿ ಹತ್ತಿ ನಿಲ್ಲಿಸುವಾಗ ಕೂಡಲೇ ಆಫ್ ಮಾಡದೆ ಒಂದು ನಿಮಿಷ ಐಡಲ್ ಬಿಡುತ್ತೇನೆ. ಕಾದ ಟರ್ಬೋಗೆ ಅಷ್ಟು ಹೊತ್ತು ಆಯಿಲ್ ಓಡಲಿ ಎಂದು ಅಣ್ಣ ಹೇಳಿದ್ದು. ಜೊತೆಗೆ 900 ರೂಪಾಯಿಯ ಒಂದು ಬ್ಲೂಟೂತ್ ಸ್ಕ್ಯಾನರ್ ತೆಗೆದುಕೊಂಡೆ. ಸ್ಟೇರಿಂಗಿನ ಕೆಳಗಿನ ಪೋರ್ಟಿಗೆ ಸಿಕ್ಕಿಸಿದರೆ ಮೊಬೈಲಿನಲ್ಲಿ ಮ್ಯಾಪ್ ಸಂಖ್ಯೆ ಕಾಣುತ್ತದೆ. ಅದು ಸಿಗುವ ಒತ್ತಡ ಮಾತ್ರ ತೋರಿಸುತ್ತದೆ, ಕೇಳುವ ಒತ್ತಡ ತೋರಿಸುವುದಿಲ್ಲ. ಆದರೂ ನಿಮ್ಮ ಕಾರು ಚೆನ್ನಾಗಿರುವಾಗಲೇ ಒಂದು ಏರಿನಲ್ಲಿ, ಒಂದು ಗೇರಿನಲ್ಲಿ ಎಷ್ಟು ಬರುತ್ತದೆ ಎಂದು ಬರೆದಿಟ್ಟುಕೊಂಡರೆ ಮುಂದೆ ಹೋಲಿಸಲು ಆಗುತ್ತದೆ. ಓದುವುದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಇರಲಿ, ಓಡಿಸುವವರು ಮೊಬೈಲ್ ನೋಡುವುದು ಬೇಡ.

ಕಳೆದ ಶನಿವಾರ ಅಮ್ಮನ ಮನೆಗೆ ಹೋದೆವು. ಸ್ಕ್ಯಾನರ್ ಮಗಳ ಕೈಯಲ್ಲಿತ್ತು. ಘಾಟಿಯ ತಿರುವು ಮುಗಿದು ನೇರ ಸಿಕ್ಕಿದಲ್ಲೆಲ್ಲ ಅವಳು "ಎರಡು ನೂರ ಹತ್ತು, ಎರಡು ನೂರ ಹದಿನಾಲ್ಕು" ಎಂದು ಕೂಗುತ್ತಿದ್ದಳು. ಮೇಲೆ ಆಗುಂಬೆಯಲ್ಲಿ ನಿಲ್ಲಿಸಿ, ಒಂದು ನಿಮಿಷ ಬಿಟ್ಟು ಇಂಜಿನ್ ಆಫ್ ಮಾಡಿ, ಕೀ ಮಾತ್ರ ಆನ್ ಮಾಡಿ ನೋಡಿದೆವು. 94. ಮನೆಯಲ್ಲಿ 100 ಇತ್ತಲ್ಲ, ಸೆನ್ಸರ್ ಹಾಳಾಯ್ತಾ ಅಮ್ಮ ಎಂದು ಕೇಳಿದಳು. ನಾವು ಎಷ್ಟು ಮೇಲೆ ಬಂದಿದ್ದೇವೆ ನೋಡು, ಇಲ್ಲಿ ಗಾಳಿಯೇ ತೆಳು ಎಂದು ಅವಳಿಗೆ ಹೇಳುತ್ತಾ ಚಹಾ ಕುಡಿದು ಹೊರಟೆವು.